ರೇರ್ ಅರ್ಥ್: ದುಡ್ಡಿರುವುದು ಮಣ್ಣಿನಲ್ಲಲ್ಲ, ಬೇರ್ಪಡಿಸುವುದರಲ್ಲಿ

(ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

2025ರ ಏಪ್ರಿಲ್ 4ರಂದು ಚೀನಾ ಸರ್ಕಾರ ಒಂದು ಆದೇಶ ಹೊರಡಿಸಿತು. ಏಳು ರೇರ್ ಅರ್ಥ್ ಲೋಹಗಳನ್ನು, ಅವುಗಳಿಂದ ಮಾಡಿದ ಆಯಸ್ಕಾಂತಗಳನ್ನು ದೇಶದಿಂದ ಹೊರಗೆ ಕಳಿಸಬೇಕಾದರೆ ಇನ್ನು ಮುಂದೆ ಲೈಸೆನ್ಸ್ ಬೇಕು ಅಂತ. ನಿಷೇಧ ಅಲ್ಲ, ಬರೀ ಲೈಸೆನ್ಸ್. ಆದರೆ ಲೈಸೆನ್ಸ್ ಕೊಡುವವರು ಫೈಲನ್ನು ಮೇಜಿನ ಮೇಲೇ ಇಟ್ಟುಕೊಂಡು ಕೂತರೆ ಅದೂ ನಿಷೇಧವೇ ಅಲ್ವಾ? ಮೂರು ನಾಲ್ಕು ತಿಂಗಳಲ್ಲಿ ಅದರ ಬಿಸಿ ಪುಣೆಗೆ ತಟ್ಟಿತು. ಆಯಸ್ಕಾಂತ ಬರದಿದ್ದರೆ ಆಗಸ್ಟ್ ತಿಂಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಒಂದೂ ತಯಾರಾಗದೆ ಹೋಗಬಹುದು ಎಂದು ಬಜಾಜ್ ಕಂಪನಿ ಬಹಿರಂಗವಾಗಿಯೇ ಹೇಳಿತು. ಒಂದು ಸ್ಕೂಟರಿನ ಮೋಟಾರಿನಲ್ಲಿ ಆ ಆಯಸ್ಕಾಂತದ ತೂಕ ಎಷ್ಟಿರುತ್ತದೆ? ಕೆಲವು ನೂರು ಗ್ರಾಂ. ಎಲೆಕ್ಟ್ರಿಕ್ ಕಾರಿನಲ್ಲಿ ಒಂದೆರಡು ಕೆಜಿ. ಅಷ್ಟು ಸಣ್ಣ ವಸ್ತು ಬರಲಿಲ್ಲ ಅಂತ ಇಡೀ ಗಾಡಿ ನಿಂತುಹೋಗುವ ಪರಿಸ್ಥಿತಿ.

ಆಗಿನಿಂದ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. "ಸರ್, ರೇರ್ ಅರ್ಥ್ ಷೇರು ಯಾವುದು ತಗೋಬೇಕು?" ನಾನು ಪಾಠ ಮಾಡಿದ್ದು ರಸಾಯನಶಾಸ್ತ್ರ, ಷೇರುಪೇಟೆ ಅಲ್ಲ. ಆದರೂ ಈ ಪ್ರಶ್ನೆಯ ಅರ್ಧ ಉತ್ತರ ರಸಾಯನಶಾಸ್ತ್ರದಲ್ಲೇ ಇದೆ. ಅದಕ್ಕೇ ಷೇರಿನ ಮಾತು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲೇ ಹೇಳಿಬಿಟ್ಟರೆ ಅರ್ಧ ಜನ ಎದ್ದು ಹೋಗುತ್ತೀರಿ.

ರೇರ್ ಅರ್ಥ್ ಅಂದರೆ ಒಟ್ಟು 17 ಲೋಹಗಳು. ಕ್ಲಾಸಿನ ಗೋಡೆಯ ಮೇಲೆ ನೇತುಹಾಕಿರುವ ಆವರ್ತ ಕೋಷ್ಟಕದಲ್ಲಿ ಕೆಳಗೆ ಬೇರೆಯಾಗಿ ಎರಡು ಸಾಲು ಇರುತ್ತವೆ ನೋಡಿ, ಪಿಯುಸಿ ಹುಡುಗರು ಪರೀಕ್ಷೆಗೆ ಜಾಸ್ತಿ ಬರಲ್ಲ ಅಂತ ಬಿಟ್ಟುಬಿಡುವ ಸಾಲುಗಳು. ಅದರಲ್ಲಿ ಮೇಲಿನದ್ದು ಇದು. ಲ್ಯಾಂಥನಂನಿಂದ ಲುಟೀಶಿಯಂವರೆಗೆ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಹಗುರ ಗುಂಪು, ಭಾರ ಗುಂಪು ಅಂತ ಎರಡು ಪಂಗಡ. ಇಷ್ಟು ನೆನಪಿಟ್ಟುಕೊಳ್ಳಿ ಸಾಕು. ಹಗುರ ಗುಂಪು ಧಾರಾಳವಾಗಿ ಸಿಗುತ್ತದೆ, ಭಾರ ಗುಂಪು ಕೆಲವೇ ಕಡೆ. ಮುಂದೆ ಬರುವ ಎಷ್ಟೋ ತಕರಾರಿಗೆ ಇದೇ ಮೂಲ.

ಎಲ್ಲಿ ಉಪಯೋಗ ಅಂದರೆ, ಎಲ್ಲಿಲ್ಲ ಅಂತ ಕೇಳುವುದೇ ಸುಲಭ. ಪೆಟ್ರೋಲ್ ಸಂಸ್ಕರಣಾ ಘಟಕದಲ್ಲಿ ಲ್ಯಾಂಥನಂ ಬೇಕು. ಗಾಜಿಗೆ ಪಾಲಿಶ್ ಮಾಡಲು, ವಾಹನದ ಹೊಗೆ ಶುದ್ಧ ಮಾಡುವ ಪರಿವರ್ತಕಕ್ಕೆ ಸೀರಿಯಂ. ಹಳೇ ಕಲರ್ ಟಿವಿಯ ಕೆಂಪು ಬಣ್ಣ ಯೂರೋಪಿಯಂನಿಂದ ಬರುತ್ತಿತ್ತು. ಮನೆಗೆ ಇಂಟರ್ನೆಟ್ ತರುವ ಫೈಬರ್ ಕೇಬಲ್ ಇದೆಯಲ್ಲ, ದೂರ ಹೋದಂತೆ ಮಂಕಾಗುವ ಬೆಳಕನ್ನು ದಾರಿಯಲ್ಲಿ ಮತ್ತೆ ಹೆಚ್ಚಿಸಲು ಎರ್ಬಿಯಂ ಬೇಕು. ಎಂಆರ್‌ಐ ಮಾಡುವ ಮುಂಚೆ ಕೆಲವರಿಗೆ ಕೈಗೆ ಇಂಜೆಕ್ಷನ್ ಕೊಡುತ್ತಾರೆ, ಅದರಲ್ಲಿ ಗ್ಯಾಡೊಲಿನಿಯಂ ಇರುತ್ತದೆ. ಕೆಲವು ಬಗೆಯ ಕ್ಯಾನ್ಸರ್ ಚಿಕಿತ್ಸೆಗೆ ಲುಟೀಶಿಯಂ-177.

ಆದರೆ ಇವತ್ತು ದುಡ್ಡು ಓಡಾಡುತ್ತಿರುವುದು ಆಯಸ್ಕಾಂತದ ಸುತ್ತ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುವ ಆಯಸ್ಕಾಂತ. ನೂರು ಗ್ರಾಂ ಆಯಸ್ಕಾಂತದಲ್ಲಿ ಸುಮಾರು ಮೂವತ್ತು ಗ್ರಾಂ ಮಾತ್ರ ರೇರ್ ಅರ್ಥ್, ಬೋರಾನ್ ಒಂದು ಗ್ರಾಂ, ಉಳಿದದ್ದು ಬಹುಪಾಲು ಕಬ್ಬಿಣವೇ. ಮೊಬೈಲಿನ ಸ್ಪೀಕರ್, ಇಯರ್‌ಫೋನ್, ಕಂಪ್ಯೂಟರಿನ ಹಾರ್ಡ್ ಡಿಸ್ಕ್, ಕಾರಿನ ಪವರ್ ಸ್ಟೀರಿಂಗ್, ಎಲ್ಲದರಲ್ಲೂ ಇದೆ. ಪೆಟ್ರೋಲ್ ಕಾರಿನಲ್ಲೂ ಇದೆ, ಅದನ್ನು ಜನ ಮರೆಯುತ್ತಾರೆ. ಮೋಟಾರು ಬಿಸಿಯಾದರೆ ಈ ಆಯಸ್ಕಾಂತದ ಶಕ್ತಿ ಕುಗ್ಗುತ್ತದೆ. ಅದು ಕುಗ್ಗದಂತೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸ್ವಲ್ಪ ಸೇರಿಸುತ್ತಾರೆ. ಇವೆರಡೂ ಭಾರ ಗುಂಪಿನವು. ಏಪ್ರಿಲ್‌ನಲ್ಲಿ ಚೀನಾ ಬೀಗ ಹಾಕಿದ ಏಳರಲ್ಲಿ ಇವೆರಡೂ ಇದ್ದವು, ನಿಯೋಡಿಮಿಯಂ ಇರಲಿಲ್ಲ. ಎಲ್ಲಿ ಹಿಡಿದರೆ ಉಸಿರು ಕಟ್ಟುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿಯಂತ್ರ ನೋಡಿದಾಗಲೆಲ್ಲ "ಅದರೊಳಗೆ ಟನ್‌ಗಟ್ಟಲೆ ನಿಯೋಡಿಮಿಯಂ ಇದೆ" ಅನ್ನುವವರಿದ್ದಾರೆ. ಎಲ್ಲದರಲ್ಲೂ ಇಲ್ಲ. ಗೇರ್‌ಬಾಕ್ಸ್ ಇರುವ ಹಳೇ ಮಾದರಿಗಳು ತಾಮ್ರದ ಸುರುಳಿಯಲ್ಲೇ ಕೆಲಸ ಮುಗಿಸುತ್ತವೆ. ಗೇರ್‌ಬಾಕ್ಸ್ ಇಲ್ಲದೆ ನೇರವಾಗಿ ತಿರುಗುವ ದೊಡ್ಡ ಯಂತ್ರಗಳಲ್ಲಿ, ಮುಖ್ಯವಾಗಿ ಸಮುದ್ರದೊಳಗೆ ನಿಲ್ಲಿಸುವಂಥವುಗಳಲ್ಲಿ, ಒಂದು ಮೆಗಾವಾಟಿಗೆ ಸುಮಾರು ಅರ್ಧ ಟನ್ನಿಗೂ ಮೇಲೆ ಆಯಸ್ಕಾಂತ ಬೇಕಾಗುತ್ತದೆ.

ಈ ಆಯಸ್ಕಾಂತ ಹುಟ್ಟಿದ ಕಥೆ ಸ್ವಲ್ಪ ಹೇಳಬೇಕು. ಹೂಡಿಕೆ ಮಾಡುವವರು ಇದನ್ನು ಮರೆಯಬಾರದು. 1970ರ ದಶಕದಲ್ಲಿ ಅತಿ ಶಕ್ತಿಶಾಲಿ ಆಯಸ್ಕಾಂತ ಅಂದರೆ ಸಮೇರಿಯಂ-ಕೋಬಾಲ್ಟ್. ಕೋಬಾಲ್ಟ್ ಬರುತ್ತಿದ್ದುದು ಮುಖ್ಯವಾಗಿ ಆಫ್ರಿಕಾದ ಜೈರೆ ದೇಶದಿಂದ. 1978ರಲ್ಲಿ ಅಲ್ಲಿ ಗಣಿ ಪ್ರದೇಶದಲ್ಲೇ ದಂಗೆ ಎದ್ದಿತು, ಕೋಬಾಲ್ಟ್ ಬೆಲೆ ಆಕಾಶಕ್ಕೆ ಹೋಯಿತು. ಕೋಬಾಲ್ಟ್ ಇಲ್ಲದೆ ಆಯಸ್ಕಾಂತ ಮಾಡಲು ಆಗುತ್ತದಾ ಅಂತ ಎಲ್ಲರೂ ಹುಡುಕತೊಡಗಿದರು. ಜಪಾನಿನಲ್ಲಿ ಮಸಾತೊ ಸಗಾವಾ, ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಜಾನ್ ಕ್ರೋಟ್, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉತ್ತರಕ್ಕೆ ಬಂದರು. 1983ರಲ್ಲಿ ಅದು ಹೊರಜಗತ್ತಿಗೆ ತಿಳಿಯಿತು. ಅಂದರೆ ಕೋಬಾಲ್ಟ್ ಕೈಕೊಟ್ಟಿದ್ದಕ್ಕೆ ಜಗತ್ತು ನಿಯೋಡಿಮಿಯಂ ಹುಡುಕಿಕೊಂಡಿತು. ನಾಳೆ ನಿಯೋಡಿಮಿಯಂಗೂ ಹೀಗೇ ಆಗಬಾರದು ಅಂತೇನಿಲ್ಲ. 2023ರ ಮಾರ್ಚ್‌ನಲ್ಲಿ ಟೆಸ್ಲಾ, ನಮ್ಮ ಮುಂದಿನ ಮೋಟಾರಿಗೆ ರೇರ್ ಅರ್ಥ್ ಬೇಕಾಗಿಲ್ಲ ಅಂತ ಹೇಳಿತು. ಮೋಟಾರು ಇನ್ನೂ ಬಂದಿರಲೇ ಇಲ್ಲ, ಬರೀ ಮಾತು. ಅಷ್ಟಕ್ಕೇ ರೇರ್ ಅರ್ಥ್ ಕಂಪನಿಗಳ ಷೇರು ಬಿದ್ದವು. ನಮ್ಮ ದೇಶದಲ್ಲೂ ರೇರ್ ಅರ್ಥ್ ಇಲ್ಲದ, ಅಗ್ಗದ ಫೆರೈಟ್ ಆಯಸ್ಕಾಂತದ ಮೋಟಾರಿನ ಕಡೆ ಸ್ಕೂಟರ್ ಕಂಪನಿಗಳು ತಿರುಗಿವೆ. ಶಕ್ತಿ ಕಡಿಮೆ, ಮೋಟಾರು ದಪ್ಪ, ಆದರೆ ಯಾರ ಲೈಸೆನ್ಸೂ ಬೇಡ.

ಈಗ ಒಂದು ಅಡ್ಡದಾರಿ. ಮುಂದಿನ ಸಾಲಿನ ಹಿರಿಯರಿಗೆ ಪೆಟ್ರೋಮ್ಯಾಕ್ಸ್ ನೆನಪಿರಬೇಕು. ಬಯಲಾಟಕ್ಕೆ, ಮದುವೆ ಮೆರವಣಿಗೆಗೆ ಗ್ಯಾಸ್‌ಲೈಟ್ ಅಂತ ತರುತ್ತಿದ್ದರಲ್ಲ, ಅದೇ. ಅದರ ಬಿಳಿ ಮ್ಯಾಂಟಲ್ ಶೇಕಡ 99 ಥೋರಿಯಂ ಆಕ್ಸೈಡ್, ಶೇಕಡ 1 ಸೀರಿಯಂ ಆಕ್ಸೈಡ್. ಆ ಒಂದು ಪಾಲು ಸೀರಿಯಂ ಇಲ್ಲದಿದ್ದರೆ ಬೆಳಕು ಮಂಕು. ಇದನ್ನು ಕಂಡುಹಿಡಿದವನು ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್. ಅದಿರಿನಿಂದ ಥೋರಿಯಂ ತೆಗೆದ ಮೇಲೆ ಸೀರಿಯಂ ರಾಶಿ ರಾಶಿ ಉಳಿಯುತ್ತಿತ್ತು. ಅದನ್ನು ಏನು ಮಾಡುವುದು ಅಂತ ಯೋಚಿಸಿ, ಕಬ್ಬಿಣದ ಜೊತೆ ಬೆರೆಸಿ, ಸಿಗರೇಟ್ ಲೈಟರಿನ ಕಿಡಿಕಲ್ಲು ಮಾಡಿ 1903ರಲ್ಲಿ ಪೇಟೆಂಟ್ ತೆಗೆದ. ಇವತ್ತಿಗೂ ಬೀಡಾ ಅಂಗಡಿಯ ಲೈಟರಿನಲ್ಲಿ ಅದೇ ಕಲ್ಲು.

ಆ ಅದಿರು ಮೊನಜೈಟ್, ಥೋರಿಯಂ ಮತ್ತು ರೇರ್ ಅರ್ಥ್ ಎರಡೂ ಇರುವ ಮರಳಿನಂಥ ಖನಿಜ. ಅದು ಎಲ್ಲಿ ಸಿಗುತ್ತಿತ್ತು? ಮೊದಲು ಬ್ರೆಜಿಲ್. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ, ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಅದನ್ನು ಗುರುತಿಸಿದ. ಮರಳಿನ ಜಾಡು ಹಿಡಿದು ಕನ್ಯಾಕುಮಾರಿ ಹತ್ತಿರದ ಮನವಾಲಕುರಿಚಿಗೆ ಬಂದ. ಮೊದಲ ಮಹಾಯುದ್ಧ ಬಂದಾಗ ಆ ವ್ಯಾಪಾರ ಜರ್ಮನರ ಕೈತಪ್ಪಿ ಬ್ರಿಟಿಷರ ಕೈಸೇರಿತು. 1940ರ ದಶಕದ ಕೊನೆಯವರೆಗೆ ಜಗತ್ತಿನ ರೇರ್ ಅರ್ಥ್ ಬಹುಪಾಲು ಬರುತ್ತಿದ್ದುದು ಭಾರತ ಮತ್ತು ಬ್ರೆಜಿಲ್‌ನ ಮರಳಿನಿಂದಲೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಆಟದಲ್ಲಿ ನಾವು ಹೊಸಬರಲ್ಲ. ಚೀನಾಕ್ಕಿಂತ ಮೊದಲೇ ಅಂಗಳದಲ್ಲಿದ್ದವರು.

ಹಾಗಾದರೆ ಹಿಂದೆ ಬಿದ್ದದ್ದು ಎಲ್ಲಿ? ಉತ್ತರ ಬೇರ್ಪಡಿಸುವ ಕೆಲಸದಲ್ಲಿದೆ.

ಈ ಲೋಹಗಳು ಭೂಮಿಯಲ್ಲಿ ಕಡಿಮೆ ಇವೆ ಅಂತಲ್ಲ. ಸೀರಿಯಂ ಹೆಚ್ಚೂಕಡಿಮೆ ತಾಮ್ರದಷ್ಟೇ ಇದೆ. ಆದರೆ ಒಂದೇ ಕಡೆ ಗಟ್ಟಿಯಾಗಿ ಸೇರಿರುವುದು ಅಪರೂಪ. ಸೇರಿದ್ದರೂ ಒಂದೇ ಅದಿರಿನಲ್ಲಿ ಹತ್ತು ಹದಿನೈದು ಲೋಹಗಳು ಒಟ್ಟಿಗೆ ಬೆರೆತಿರುತ್ತವೆ. ಈ ಲೋಹಗಳ ಸುಳಿವು ಮೊದಲು ಕೊಟ್ಟ ಕಪ್ಪು ಕಲ್ಲು ಸ್ವೀಡನ್ನಿನ ಇಟರ್ಬಿ ಕ್ವಾರಿಯಲ್ಲಿ ಸಿಕ್ಕಿದ್ದು 1787ರಲ್ಲಿ. ಸಾಲಿನ ಕೊನೆಯ ಲುಟೀಶಿಯಂ ಬೇರೆಯೇ ಲೋಹ ಅಂತ ಗೊತ್ತಾಗಿದ್ದು 1907ರಲ್ಲಿ. ನೂರಿಪ್ಪತ್ತು ವರ್ಷ! ಯುರೋಪಿನ ಘಟಾನುಘಟಿ ರಸಾಯನಶಾಸ್ತ್ರಜ್ಞರು ಸೇರಿ ಬಿಡಿಸಿದರೂ ಅಷ್ಟು ಹೊತ್ತು ಹಿಡಿಯಿತು. ಯಾಕೆಂದರೆ ಇವುಗಳ ಗುಣ ಒಂದೇ ಥರ. ಪಕ್ಕಪಕ್ಕದ ಎರಡು ಲೋಹಗಳ ಅಯಾನುಗಳ (ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳ) ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸ, ಅಷ್ಟೇ.

ಆ ಕೂದಲೆಳೆಯನ್ನು ಹಿಡಿದೇ ಇವತ್ತಿನ ಕಾರ್ಖಾನೆ ಕೆಲಸ ಮಾಡುತ್ತದೆ. ಅದಿರನ್ನು ಆಸಿಡ್ಡಿನಲ್ಲೋ ಕ್ಷಾರದಲ್ಲೋ ಬೇಯಿಸಿ ಕೊನೆಗೆ ನೀರಿನಂಥ ದ್ರಾವಣ ಮಾಡುತ್ತಾರೆ. ಇನ್ನೊಂದು ಕಡೆ ಸೀಮೆಎಣ್ಣೆಯಲ್ಲಿ ಒಂದು ರಾಸಾಯನಿಕ ಬೆರೆಸಿಟ್ಟಿರುತ್ತಾರೆ. ಎರಡನ್ನೂ ತೊಟ್ಟಿಯಲ್ಲಿ ಕಲಕಿ ಬಿಟ್ಟರೆ ಎಣ್ಣೆ ಮೇಲೆ, ನೀರು ಕೆಳಗೆ. ಆಗ ಒಂದು ಲೋಹ ಇನ್ನೊಂದಕ್ಕಿಂತ ಸ್ವಲ್ಪ ಜಾಸ್ತಿ ಎಣ್ಣೆಗೆ ಹೋಗಿರುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ಅದನ್ನು ಮುಂದಿನ ತೊಟ್ಟಿಗೆ ಬಿಡಬೇಕು, ಮತ್ತೆ ಕಲಕಬೇಕು. ಹೀಗೆ ಸಾಲಾಗಿ ನೂರಾರು ತೊಟ್ಟಿಗಳು. ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಶುದ್ಧವಾಗಿ ಬರುವುದಕ್ಕೆ ವಾರಗಟ್ಟಲೆ ಬೇಕು. ನಡುವೆ ಆಸಿಡ್ಡಿನ ಹದ ತಪ್ಪಿದರೆ ಇಡೀ ಸಾಲು ಕೆಡುತ್ತದೆ. ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ಬೇರ್ಪಡಿಸುವುದು ಎಷ್ಟು ಕಷ್ಟ ಅಂದರೆ, ಆಯಸ್ಕಾಂತಕ್ಕೆ ಎರಡೂ ಆಗುತ್ತವೆ ಅಂತ ಎಷ್ಟೋ ಕಡೆ ಬಿಡಿಸದೆ ಒಟ್ಟಿಗೇ ಮಾರುತ್ತಾರೆ.

1970ರ ದಶಕದಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಶು ಗ್ವಾಂಗ್‌ಶಿಯಾನ್ ಎಂಬ ಪ್ರಾಧ್ಯಾಪಕರು ಈ ತೊಟ್ಟಿಗಳ ಸಾಲಿಗೆ ಗಣಿತ ಬರೆದರು. ಎಷ್ಟು ತೊಟ್ಟಿ, ಯಾವುದರಿಂದ ಯಾವುದಕ್ಕೆ, ಎಷ್ಟು ಹರಿವು, ಎಲ್ಲ ಲೆಕ್ಕ ಹಾಕಿ ಮೊದಲೇ ಹೇಳಬಹುದು ಎಂದು ತೋರಿಸಿದರು. ಅವರು ಅಮೆರಿಕದ ಕೊಲಂಬಿಯಾದಲ್ಲಿ ಪಿಎಚ್‌ಡಿ ಮುಗಿಸಿ 1951ರಲ್ಲಿ ಊರಿಗೆ ವಾಪಸ್ ಹೋದವರು. ಆ ಲೆಕ್ಕ ಇಟ್ಟುಕೊಂಡು ಚೀನಾದಲ್ಲಿ ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದವು. ಚೀನಾಕ್ಕೆ ಒಳ ಮಂಗೋಲಿಯಾದ ಬಯಾನ್ ಒಬೊ ಗಣಿ ಇದೆ, ಅದೃಷ್ಟ, ಒಪ್ಪುತ್ತೇನೆ. ಆದರೆ ಗಣಿ ಎಲ್ಲರಿಗೂ ಅಷ್ಟಿಷ್ಟು ಇದೆ. ಆ ತೊಟ್ಟಿಗಳನ್ನು ನಡೆಸಬಲ್ಲ ಸಾವಿರಾರು ಜನ ಇರುವುದು ಅಲ್ಲಿ ಮಾತ್ರ. ಇವತ್ತು ಗಣಿಗಾರಿಕೆಯಲ್ಲಿ ಚೀನಾದ ಪಾಲು ಶೇಕಡ 70ರ ಹತ್ತಿರ. ಶುದ್ಧೀಕರಣಕ್ಕೆ ಬಂದರೆ ಸುಮಾರು 90. ಆಯಸ್ಕಾಂತ ತಯಾರಿಕೆಯಲ್ಲೂ ಅಷ್ಟೇ. ಗಣಿಯಿಂದ ಮುಂದೆ ಹೋದಷ್ಟೂ ಹಿಡಿತ ಬಿಗಿ.

ಅಮೆರಿಕ ಏನು ಮಾಡುತ್ತಿತ್ತು ಅಂತ ಕೇಳಬಹುದು. ಮಾರುತ್ತಿತ್ತು. ಜನರಲ್ ಮೋಟಾರ್ಸ್ ತನ್ನ ಆಯಸ್ಕಾಂತದ ಕಂಪನಿ ಮ್ಯಾಗ್ನೆಕ್ವೆಂಚ್ ಅನ್ನು 1995ರಲ್ಲಿ ಚೀನಾದ ಪಾಲುದಾರರಿದ್ದ ಗುಂಪಿಗೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಘಟಕ ಮುಚ್ಚಿತು, ಕೆಲಸ ಚೀನಾ ಸೇರಿತು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿಗೇ ದೊಡ್ಡದು, 2002ರಲ್ಲಿ ನಿಂತಿತು. ಚೀನಾದ ಬೆಲೆ ಒಂದು ಕಾರಣ. ವಿಕಿರಣಶೀಲ ಅಂಶ ಇದ್ದ ತ್ಯಾಜ್ಯ ನೀರು ಪೈಪ್ ಒಡೆದು ಹೊರಗೆ ಹರಿದದ್ದು ಇನ್ನೊಂದು. ಪರಿಸರದ ಮಾತು ಇಲ್ಲಿ ಸುಮ್ನೆ ಬರುವುದಲ್ಲ. ಚೀನಾದ ಬಾವೊತೌ ನಗರದ ಪಕ್ಕದ ತ್ಯಾಜ್ಯದ ಕೆರೆ, ರೇರ್ ಅರ್ಥ್ ಕಾರ್ಖಾನೆಯ ವಿರುದ್ಧ ಮಲೇಷ್ಯಾದ ಬುಕಿತ್ ಮೇರಾ ಜನರ ವರ್ಷಗಟ್ಟಲೆಯ ಹೋರಾಟ, ಈಗ ಮ್ಯಾನ್ಮಾರಿನ ಕಚಿನ್ ಬೆಟ್ಟಗಳು, ಇವೆಲ್ಲ ಅಗ್ಗದ ರೇರ್ ಅರ್ಥ್‌ನ ಬಿಲ್ಲಿನಲ್ಲಿ ಬರೆಯದ ಖರ್ಚು. ಚೀನಾಕ್ಕೆ ಹೋಗುವ ಭಾರ ಗುಂಪಿನ ಅದಿರು ಬಹಳಷ್ಟು ಬರುವುದು ಈ ಕಚಿನ್‌ನಿಂದಲೇ.

ಈಗ ಚಳ್ಳಕೆರೆ ಕಡೆಯವರಿಗೆ ಒಂದು ಮಾತು. ಶೇಂಗಾ ಮಿಲ್ಲಿನಲ್ಲಿ ಎಣ್ಣೆ ತೆಗೆದರೆ ಹಿಂಡಿ ಬಂದೇ ಬರುತ್ತದೆ. ಹಿಂಡಿಗೆ ದನ ಇವೆ, ಗಿರಾಕಿ ಇದ್ದಾರೆ, ಮಿಲ್ಲು ನಡೆಯುತ್ತದೆ. ಹಿಂಡಿ ಕೇಳುವವರೇ ಇಲ್ಲ ಅಂತಾದರೆ? ಎಣ್ಣೆಯ ಬೆಲೆಯಲ್ಲೇ ಎಲ್ಲ ಖರ್ಚೂ ಹುಟ್ಟಬೇಕು. ರೇರ್ ಅರ್ಥ್ ಗಣಿಯ ಪಾಡು ಅದೇ. ನಮ್ಮ ಕರಾವಳಿಯ ಮೊನಜೈಟ್ ತೆಗೆದುಕೊಳ್ಳಿ. ಅದರಲ್ಲಿರುವ ರೇರ್ ಅರ್ಥ್‌ನಲ್ಲಿ ಅರ್ಧದ ಹತ್ತಿರ ಸೀರಿಯಂ, ಕಾಲು ಭಾಗದ ಹತ್ತಿರ ಲ್ಯಾಂಥನಂ. ಆಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಎರಡೂ ಸೇರಿ ನಾಲ್ಕನೇ ಒಂದು ಭಾಗದಷ್ಟು. ಡಿಸ್ಪ್ರೋಸಿಯಂ ಚಿಟಿಕೆ. ಸೀರಿಯಂ ಆಕ್ಸೈಡಿನ ಬೆಲೆ ಕೆಜಿಗೆ ಒಂದೆರಡು ಡಾಲರ್. 2025ರ ನಡುವಿನಲ್ಲಿ ಆಯಸ್ಕಾಂತದ ಜೋಡಿ ಲೋಹಗಳ ಆಕ್ಸೈಡಿಗೆ ಅರವತ್ತು ಡಾಲರ್ ಆಸುಪಾಸು. ಆದ್ದರಿಂದ ಯಾವುದೋ ಕಂಪನಿ "ನಮ್ಮಲ್ಲಿ ಇಷ್ಟು ಲಕ್ಷ ಟನ್ ರೇರ್ ಅರ್ಥ್ ಸಿಕ್ಕಿದೆ" ಅಂದ ಕೂಡಲೇ ಕೇಳಬೇಕಾದ್ದು, ಅದರಲ್ಲಿ ಯಾವುದು ಎಷ್ಟು ಅಂತ. ಬರೀ ಸೀರಿಯಂ ಇದ್ದರೆ ನಿಮಗೆ ಸಿಕ್ಕಿರುವುದು ದನವೇ ಇಲ್ಲದ ಊರಿನ ಹಿಂಡಿ.

ಟನ್ನಿನ ಸುದ್ದಿಯ ಬಗ್ಗೆ ನಮಗೆ ಹತ್ತಿರದ ಪಾಠವೂ ಇದೆ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂತ 2020ರಲ್ಲಿ ದೊಡ್ಡ ಸುದ್ದಿಯಾಯಿತು. ಲಿಥಿಯಂ ರೇರ್ ಅರ್ಥ್ ಅಲ್ಲ, ಆದರೂ ಕೇಳಿ. ಮೊದಲು ಹರಿದಾಡಿದ ಲೆಕ್ಕ 14,100 ಟನ್. ಆಮೇಲೆ ಸರ್ಕಾರ ಕೊಟ್ಟ ಲೆಕ್ಕ 1,600 ಟನ್, ಅದೂ ಪ್ರಾಥಮಿಕ ಅಂದಾಜು. ಇನ್ನೂ ಹತ್ತಿರ ಬೇಕಾ? ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಈಗ ಮುಚ್ಚಿದೆ. ನೆಲದೊಳಗೆ ಇರುವುದು ಒಂದು, ತೆಗೆದರೆ ಗಿಟ್ಟುವುದು ಇನ್ನೊಂದು.

ಭಾರತದ ಲೆಕ್ಕಕ್ಕೆ ಬರೋಣ. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ನಿಕ್ಷೇಪ 69 ಲಕ್ಷ ಟನ್. ಚೀನಾದ್ದು 4.4 ಕೋಟಿ, ಬ್ರೆಜಿಲ್‌ದು 2.1 ಕೋಟಿ. ಮೂರನೇ ಸ್ಥಾನ ನಮ್ಮದೇ. ಈಗ ಉತ್ಪಾದನೆ ನೋಡಿ. 2024ರಲ್ಲಿ ಜಗತ್ತು ತೆಗೆದದ್ದು 3.9 ಲಕ್ಷ ಟನ್, ಚೀನಾ 2.7 ಲಕ್ಷ, ನಾವು 2,900 ಟನ್. ಶೇಕಡ ಒಂದೂ ಇಲ್ಲ. ನಾಚಿಕೆ ಆಗುತ್ತದೆ, ಆದರೆ ಕಾರಣಗಳಿವೆ. ಮೊನಜೈಟ್‌ನಲ್ಲಿ ಶೇಕಡ 8ರಿಂದ 10 ಥೋರಿಯಂ ಇರುತ್ತದೆ, ಅದು ವಿಕಿರಣಶೀಲ. ಹಾಗಾಗಿ ಅದು ಅಣುಶಕ್ತಿ ಇಲಾಖೆಯ ಸೊತ್ತು. ಕೆಲಸ ಮಾಡುವುದು 1950ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಐಆರ್‌ಇಎಲ್, ಹಳೇ ಹೆಸರು ಇಂಡಿಯನ್ ರೇರ್ ಅರ್ಥ್ಸ್. ಅದರ ಆಲುವಾ ಕಾರ್ಖಾನೆಯನ್ನು 1952ರಲ್ಲಿ ನೆಹರೂ ಉದ್ಘಾಟಿಸಿದ್ದರು. ಒಡಿಶಾದ ಛತ್ರಪುರ, ಕೇರಳದ ಚವರ, ತಮಿಳುನಾಡಿನ ಮನವಾಲಕುರಿಚಿ, ಇವು ಅದರ ಮರಳಿನ ತಾಣಗಳು. ಕಡಲ ತೀರದಲ್ಲಿ ಊರುಗಳಿವೆ, ಮೀನುಗಾರರಿದ್ದಾರೆ, ಕರಾವಳಿ ನಿಯಮಗಳಿವೆ. ಬೇಕಾದ ಹಾಗೆ ಅಗೆಯಲು ಆಗುವುದಿಲ್ಲ, ಅಗೆಯಲೂಬಾರದು.

ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ನಾವು ಆಕ್ಸೈಡ್ ಮಾಡಿದರೂ ಕೊಳ್ಳುವವರು ಇಲ್ಲಿ ಇರಲಿಲ್ಲ. ಆಯಸ್ಕಾಂತ ಮಾಡುವ ಕಾರ್ಖಾನೆಯೇ ಇಲ್ಲದಿದ್ದರೆ ನಿಯೋಡಿಮಿಯಂ ಯಾರಿಗೆ ಮಾರುವುದು? ಜಪಾನಿನ ಟೊಯೋಟಾ ಸಮೂಹದ ಕಂಪನಿಯೊಂದು ವಿಶಾಖಪಟ್ಟಣದಲ್ಲಿ ಘಟಕ ಇಟ್ಟು, ನಮ್ಮ ಮಾಲು ಪಡೆದು ಸಂಸ್ಕರಿಸಿ ಜಪಾನಿಗೆ ಕಳಿಸುತ್ತಿತ್ತು. ನಾವು ಆಯಸ್ಕಾಂತವನ್ನು ಚೀನಾದಿಂದ ತರಿಸಿಕೊಳ್ಳುತ್ತಿದ್ದೆವು. 2023ರಲ್ಲಿ ವಿಶಾಖಪಟ್ಟಣದಲ್ಲೇ ಐಆರ್‌ಇಎಲ್‌ನ ಸಮೇರಿಯಂ-ಕೋಬಾಲ್ಟ್ ಆಯಸ್ಕಾಂತ ಘಟಕ ಶುರುವಾಯಿತು. ವರ್ಷಕ್ಕೆ 3,000 ಕೆಜಿ. ಕೆಜಿ, ಟನ್ ಅಲ್ಲ. ರಕ್ಷಣೆಗೆ, ಬಾಹ್ಯಾಕಾಶಕ್ಕೆ ಸರಿ. ಸ್ಕೂಟರಿಗೆ ಸಾಲದು. 2025ರ ನವೆಂಬರ್ 26ರಂದು ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ, ವರ್ಷಕ್ಕೆ 6,000 ಟನ್ ಆಯಸ್ಕಾಂತ. ಹಣದ ದೊಡ್ಡ ಪಾಲು ಮಾರಾಟದ ಮೇಲೆ ಕೊಡುವ ಪ್ರೋತ್ಸಾಹಧನ, ಅಂದರೆ ಮಾಡಿ ಮಾರಿದವರಿಗಷ್ಟೇ. ಇದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ. ಗಣಿಯಿಂದ ಶುರು ಮಾಡದೆ ಗಿರಾಕಿಯಿಂದ ಶುರು ಮಾಡಿದ್ದಾರೆ.

ಸರಿ, ಷೇರು. ಯಾರೂ ಎದ್ದು ಹೋಗಿಲ್ಲ, ಸಂತೋಷ.

ಮೊದಲನೆಯದಾಗಿ, ಈ ಲೋಹವನ್ನು ಚಿನ್ನದ ಹಾಗೆ ಕೊಂಡು ಲಾಕರಿನಲ್ಲಿ ಇಡಲು ಆಗುವುದಿಲ್ಲ. ನಿಯೋಡಿಮಿಯಂ ಗಾಳಿಗಿಟ್ಟರೆ ಹಾಳಾಗುತ್ತದೆ. ಯಾವ ಶುದ್ಧತೆ, ಯಾವ ರೂಪ ಅಂತ ಪ್ರತಿ ಕಾರ್ಖಾನೆಯದೂ ಬೇರೆ ಬೇಡಿಕೆ. ವಾಪಸ್ ಮಾರಲು ಮಂಡಿಪೇಟೆಯಲ್ಲಿ ಅಂಗಡಿ ಇಲ್ಲ. ಸರಕುಗಳ ವಿನಿಮಯ ಪೇಟೆ ಎಂಸಿಎಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಸತು ಇವೆ, ಇದು ಇಲ್ಲ. ಮಾರುಕಟ್ಟೆಯೇ ಪುಟ್ಟದು. ಜಗತ್ತು ವರ್ಷಕ್ಕೆ ಸುಮಾರು 2.3 ಕೋಟಿ ಟನ್ ತಾಮ್ರ ತೆಗೆಯುತ್ತದೆ. ಇದು 17 ಲೋಹವೂ ಸೇರಿ 3.9 ಲಕ್ಷ. ಇಷ್ಟು ಚಿಕ್ಕ ಬಾವಿಯಲ್ಲಿ ದೊಡ್ಡವರೊಬ್ಬರು ಕಾಲಿಟ್ಟರೂ ನೀರು ಉಕ್ಕುತ್ತದೆ.

ಹಾಗೆ ಉಕ್ಕಿದ್ದು 2010ರಲ್ಲಿ. ಸೆಪ್ಟೆಂಬರಿನಲ್ಲಿ, ಚೀನಾ ಮತ್ತು ಜಪಾನ್ ಎರಡೂ ತಮ್ಮದು ಅನ್ನುವ ಸೆಂಕಾಕು ದ್ವೀಪಗಳ ಹತ್ತಿರ ಚೀನಾದ ಮೀನುಗಾರಿಕಾ ದೋಣಿ ಜಪಾನಿನ ಗಸ್ತು ಹಡಗಿಗೆ ಡಿಕ್ಕಿ ಹೊಡೆಯಿತು. ಜಪಾನ್ ದೋಣಿಯ ನಾಯಕನನ್ನು ಹಿಡಿಯಿತು. ಚೀನಾದಿಂದ ಜಪಾನಿಗೆ ರೇರ್ ಅರ್ಥ್ ಬರುವುದು ನಿಂತಿತು. ಬೆಲೆ ಹಾರಿತು. ಅದೇ ವರ್ಷ ಜುಲೈನಲ್ಲಿ ಮೌಂಟನ್ ಪಾಸ್ ಗಣಿಯ ಮಾಲೀಕ ಕಂಪನಿ ಮಾಲಿಕಾರ್ಪ್ 14 ಡಾಲರಿಗೆ ಷೇರು ಬಿಟ್ಟಿತ್ತು. 2011ರ ಮೇ ಹೊತ್ತಿಗೆ ಅದು 70 ಡಾಲರ್ ದಾಟಿತು. ಕೊಂಡವರೆಲ್ಲ ಬುದ್ಧಿವಂತರು! ಆಮೇಲೆ ಏನಾಯಿತು? ಬೆಲೆ ಏರಿತು ಅಂತ ಕಾರ್ಖಾನೆಗಳು ಬಳಕೆ ಕಡಿಮೆ ಮಾಡಿದವು. ಗಾಜಿನ ಪಾಲಿಶ್‌ನವರು ಸೀರಿಯಂ ಉಳಿಸಿದರು, ಆಯಸ್ಕಾಂತದವರು ಡಿಸ್ಪ್ರೋಸಿಯಂ ಕಡಿತ ಮಾಡಿದರು. ಜಪಾನ್ ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ ಸಾಲ ಕೊಟ್ಟು ಬೇರೆ ದಾರಿ ಮಾಡಿಕೊಂಡಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸೋತ ಚೀನಾ 2015ರಲ್ಲಿ ರಫ್ತಿನ ಕೋಟಾ ತೆಗೆಯಿತು. ಅದೇ 2015ರ ಜೂನ್‌ನಲ್ಲಿ ಮಾಲಿಕಾರ್ಪ್ ದಿವಾಳಿ ಅರ್ಜಿ ಹಾಕಿತು. ಗಣಿಯಲ್ಲಿ ಅದಿರು ಖಾಲಿ ಆಗಿರಲಿಲ್ಲ, ಗಮನಿಸಿ. ಅದಿರು ಇದ್ದ ಹಾಗೇ ಇತ್ತು.

ಒಂದು ಸಲ ಆದದ್ದು ಅಂತ ಬಿಡುವ ಹಾಗಿಲ್ಲ. 2022ರ ಆರಂಭದಲ್ಲಿ ಆಯಸ್ಕಾಂತದ ಜೋಡಿ ಲೋಹಗಳ ಆಕ್ಸೈಡ್ ಚೀನಾದಲ್ಲಿ ಟನ್ನಿಗೆ 11 ಲಕ್ಷ ಯುವಾನ್ ಮುಟ್ಟಿತ್ತು. ಎರಡು ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅದೂ ಎಲೆಕ್ಟ್ರಿಕ್ ಗಾಡಿಗಳ ಮಾರಾಟ ಏರುತ್ತಿದ್ದಾಗಲೇ! ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ ಅನ್ನುವ ಸರಳ ಲೆಕ್ಕ ಇಲ್ಲಿ ಕೈಕೊಡುತ್ತದೆ. ಎಷ್ಟು ತೆಗೆಯಬೇಕು ಅನ್ನುವುದು ಬೀಜಿಂಗ್‌ನಲ್ಲಿ ತೀರ್ಮಾನ ಆಗುತ್ತದೆ.

ಇನ್ನೊಂದು ದಿಕ್ಕಿನಿಂದಲೂ ಸರ್ಕಾರವೇ. ಅದೇ ಮೌಂಟನ್ ಪಾಸ್ ಗಣಿ ಈಗ ಎಂಪಿ ಮೆಟೀರಿಯಲ್ಸ್ ಕಂಪನಿಯ ಕೈಯಲ್ಲಿದೆ. 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅದರಲ್ಲಿ 40 ಕೋಟಿ ಡಾಲರ್ ಹಾಕಿತು. ಆ ಜೋಡಿ ಲೋಹಗಳಿಗೆ ಹತ್ತು ವರ್ಷ ಕೆಜಿಗೆ ಕನಿಷ್ಠ 110 ಡಾಲರ್ ಸಿಗುವಂತೆ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟಿತು. ಆಗಿನ ಪೇಟೆ ಬೆಲೆಗಿಂತ ಎಷ್ಟೋ ಮೇಲೆ. ನಮ್ಮ ರೈತರು ಕೇಳುವ ಬೆಂಬಲ ಬೆಲೆಯೇ ಇದು. ಒಂದೇ ದಿನದಲ್ಲಿ ಷೇರು ಸುಮಾರು ಅರ್ಧದಷ್ಟು ಏರಿತು. ಹಿಂದಿನ ದಿನ ಕೊಂಡಿದ್ದವರಿಗೆ ಲಾಭ. ಆದರೆ ಅವರು ಕೊಂಡದ್ದು ಲೋಹವನ್ನಲ್ಲ, ವಾಷಿಂಗ್ಟನ್ನಿನ ಮನಸ್ಸನ್ನು. ಚೀನಾವೂ ಅಷ್ಟೇ. ಅಕ್ಟೋಬರ್ 9ರಂದು ಇನ್ನೂ ಐದು ಲೋಹಗಳನ್ನು ಪಟ್ಟಿಗೆ ಸೇರಿಸಿತು. ತಿಂಗಳ ಕೊನೆಗೆ ಟ್ರಂಪ್ ಮತ್ತು ಶಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಅದನ್ನು ಒಂದು ವರ್ಷ ತಡೆಹಿಡಿಯಿತು. ಈ ಎರಡು ದಿನಾಂಕಗಳ ನಡುವೆ ಷೇರುಗಳು ಆಡಿದ ಆಟದಲ್ಲಿ ರಸಾಯನಶಾಸ್ತ್ರದ ಪಾಲು ಸೊನ್ನೆ.

ನಮ್ಮ ಪೇಟೆಯಲ್ಲಿ ಏನಿದೆ? ಐಆರ್‌ಇಎಲ್ ಪೂರ್ತಿ ಸರ್ಕಾರದ್ದು, ಷೇರುಪೇಟೆಯಲ್ಲಿ ಇಲ್ಲ. ರೇರ್ ಅರ್ಥ್ ಷೇರು ಅಂತ ವಾಟ್ಸಾಪ್‌ನಲ್ಲಿ ಬರುವ ಹೆಸರುಗಳ ವಾರ್ಷಿಕ ವರದಿ ತೆರೆದು ನೋಡಿ. ಗುಜರಾತಿನ ಸರ್ಕಾರಿ ಗಣಿ ಕಂಪನಿ ಜಿಎಂಡಿಸಿ ಅಂಬಾಡುಂಗರದಲ್ಲಿ ರೇರ್ ಅರ್ಥ್ ಯೋಜನೆ ಇಟ್ಟುಕೊಂಡಿದೆ, ನಿಜ. ಅಂಬಾಡುಂಗರ ಒಳ್ಳೆಯ ನಿಕ್ಷೇಪವೇ, ಕಡಲ ಮರಳಲ್ಲ, ಗಟ್ಟಿ ಕಲ್ಲು. ಆದರೆ ಆ ಕಂಪನಿಗೆ ಇವತ್ತು ದುಡ್ಡು ಬರುವುದು ಲಿಗ್ನೈಟ್ ಕಲ್ಲಿದ್ದಲಿನಿಂದ. ಕೊಂಡರೆ ಕಲ್ಲಿದ್ದಲಿನ ಕಂಪನಿ ಕೊಂಡಿದ್ದೇನೆ ಅಂತ ತಿಳಿದು ಕೊಳ್ಳಿ. ರೇರ್ ಅರ್ಥ್ ಬಂದರೆ ಬೋನಸ್. ವಿದೇಶಕ್ಕೆ ದುಡ್ಡು ಕಳಿಸಿ ಅಲ್ಲಿನ ಷೇರು, ಇಟಿಎಫ್ (ಹಲವು ಕಂಪನಿಗಳ ಷೇರು ಒಟ್ಟಿಗೆ ಇರುವ ನಿಧಿ) ಕೊಳ್ಳಬಹುದು, ಆರ್‌ಬಿಐ ಅನುಮತಿ ಇದೆ. ಆದರೆ ಹೆಸರಿನಲ್ಲಿ ರೇರ್ ಅರ್ಥ್ ಇರುವ ಇಟಿಎಫ್ ಒಳಗೆ ಲಿಥಿಯಂ ಕಂಪನಿಗಳೂ ಕೂತಿರುತ್ತವೆ. ಪಟ್ಟಿ ಓದದೆ ಕೊಳ್ಳಬೇಡಿ.

ನನ್ನನ್ನೇ ಕೇಳಿದರೆ, ಇದು ಮಗಳ ಮದುವೆಗೆ ಇಟ್ಟ ದುಡ್ಡು ಹಾಕುವ ಜಾಗ ಅಲ್ಲ. ಹೋದರೂ ರಾತ್ರಿ ನಿದ್ದೆ ಬರುವಷ್ಟು ಮೊತ್ತ ಹಾಕಬಹುದು. ಹಾಕುವುದಾದರೆ ಗಣಿ ತೋರಿಸುವವರಿಗಿಂತ ಬೇರ್ಪಡಿಸಿ ತೋರಿಸಿದವರನ್ನು, ಆಯಸ್ಕಾಂತ ಮಾಡಿ ಗಿರಾಕಿಗೆ ಕೊಟ್ಟವರನ್ನು ಹುಡುಕಿ. ಅಂಥವರು ನಮ್ಮಲ್ಲಿ ಇನ್ನೂ ತಯಾರಾಗುತ್ತಿದ್ದಾರೆ. ಕಾಯುವುದರಲ್ಲಿ ನಷ್ಟ ಏನಿಲ್ಲ.

ಷೇರಿಗಿಂತ ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ಅಕ್ಕಿ ಎಳೆಯುವ ಪಾತ್ರೆ, ರೈಸ್ ಪುಲ್ಲಿಂಗ್, ಗೊತ್ತಲ್ಲ? ಹಳೇ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಇದೆ, ಸಿಡಿಲು ಬಡಿದು ಶಕ್ತಿ ಬಂದಿದೆ, ವಿದೇಶದ ವಿಜ್ಞಾನಿಗಳು ಕೋಟಿಗಟ್ಟಲೆ ಕೊಡುತ್ತಾರೆ ಅಂತ ನಂಬಿಸಿ ಎಷ್ಟು ಜನರ ಮನೆ ತೊಳೆದಿದ್ದಾರೆ. ಚೊಂಬಿನೊಳಗೆ ಆಯಸ್ಕಾಂತ ಬಚ್ಚಿಡುವುದು, ಅಕ್ಕಿಗೆ ಕಬ್ಬಿಣದ ಪುಡಿ ಸವರುವುದು, ಅಷ್ಟೇ ಕೈಚಳಕ. ತಮಾಷೆ ನೋಡಿ, ಆ ಚೊಂಬಿನಲ್ಲಿ ನಿಜವಾದ ರೇರ್ ಅರ್ಥ್ ಏನಾದರೂ ಇದ್ದರೆ ಅದು ಮೋಸಗಾರ ಬಚ್ಚಿಟ್ಟ ಆಯಸ್ಕಾಂತದಲ್ಲೇ. ಇನ್ನು ಮುಂದೆ ಇದೇ ಜನ ರೇರ್ ಅರ್ಥ್ ಹೆಸರು ಹಿಡಿದು ಬಂದರೆ ಆಶ್ಚರ್ಯ ಇಲ್ಲ. ನಿಮ್ಮ ಹೊಲದ ಕರಿ ಮಣ್ಣಿನಲ್ಲಿ ಮೊನಜೈಟ್ ಇದೆ, ಟೆಸ್ಟಿಂಗ್ ಫೀಸ್ ಕೊಡಿ ಅನ್ನಬಹುದು. ಮೊನಜೈಟ್ ಅಣುಶಕ್ತಿ ಕಾನೂನಿಗೆ ಒಳಪಟ್ಟ ವಸ್ತು. ಸರ್ಕಾರದ ಲೈಸೆನ್ಸ್ ಇಲ್ಲದೆ ಖಾಸಗಿಯಾಗಿ ಯಾರೂ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಇಷ್ಟು ಹೇಳಿ ಬಾಗಿಲು ಹಾಕಿ.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿತ್ತು. ಗುಜರಿ ವ್ಯಾಪಾರದವರೊಬ್ಬರು ಕೇಳಿದರು. ಹಳೇ ಕಂಪ್ಯೂಟರು, ಮೋಟಾರು ನಮ್ಮ ಹತ್ತಿರ ಬರುತ್ತವೆ, ಅದರಲ್ಲಿರುವ ಆಯಸ್ಕಾಂತಕ್ಕೆ ಬೆಲೆ ಇದೆಯಾ ಅಂತ. ಇದೆ. ಸದ್ಯ ಅವು ಬಹುಪಾಲು ಕಬ್ಬಿಣದ ಗುಜರಿ ಜೊತೆ ಕುಲುಮೆಗೆ ಹೋಗುತ್ತವೆ. ಅಲ್ಲಿ ನಿಯೋಡಿಮಿಯಂ ಕಿಟ್ಟದಲ್ಲಿ ಸೇರಿ ವ್ಯರ್ಥ. ಅದಿರಿನಲ್ಲಿ ಸೀರಿಯಂ, ಥೋರಿಯಂ ಎಲ್ಲ ಅಂಟಿಕೊಂಡಿರುತ್ತವೆ. ಹಳೇ ಆಯಸ್ಕಾಂತದಲ್ಲಿ ಆ ತಾಪತ್ರಯ ಇಲ್ಲ, ಬೇಕಾದ ಲೋಹ ಆಗಲೇ ಆರಿಸಿ ಇಟ್ಟ ಹಾಗೆ. ಇ-ತ್ಯಾಜ್ಯದಿಂದ ಇದನ್ನು ವಾಪಸ್ ತೆಗೆಯುವ ಕಂಪನಿಗಳು ನಮ್ಮ ದೇಶದಲ್ಲೂ ಶುರುವಾಗಿವೆ. ಒಂದು ಅಂಗಡಿಯ ಮಾಲು ಅವರಿಗೆ ಸಾಲದು. ನಾಲ್ಕು ಅಂಗಡಿಯವರು ಸೇರಿ ಕೂಡಿಟ್ಟು, ಪರವಾನಗಿ ಇರುವ ಮರುಬಳಕೆದಾರರ ಜೊತೆ ಮಾತಾಡಬೇಕು. ಹಾರ್ಡ್ ಡಿಸ್ಕಿನ ಆಯಸ್ಕಾಂತ ಬಿಚ್ಚುವುದು ಸುಲಭ, ಸ್ಕ್ರೂಡ್ರೈವರ್ ಸಾಕು. ಸ್ಕೂಟರ್ ಮೋಟಾರಿನದ್ದು ಗೋಂದು ಹಾಕಿ ಅಂಟಿಸಿರುತ್ತಾರೆ, ಬಿಡಿಸುವುದು ಕಷ್ಟ. ಮುನ್ನೂರು ಡಿಗ್ರಿ ದಾಟಿಸಿ ಕಾಯಿಸಿದರೆ ಆಯಸ್ಕಾಂತದ ಶಕ್ತಿಯೇ ಹೋಗುತ್ತದೆ, ಆಮೇಲೆ ಬಿಡಿಸಬಹುದು. ಆದರೆ ಗೋಂದು ಸುಟ್ಟ ಹೊಗೆ ಕೆಟ್ಟದ್ದು, ಅದನ್ನು ಅಂಗಡಿ ಮುಂದೆ ಮಾಡಬೇಡಿ, ಮರುಬಳಕೆಯವರಿಗೇ ಬಿಡಿ. ಕಾಯಿಸದೆ ಬಿಚ್ಚುವುದಾದರೆ ಎರಡು ಆಯಸ್ಕಾಂತದ ನಡುವೆ ಬೆರಳು ಇಡಬೇಡಿ. ಸಿಕ್ಕಿಕೊಂಡರೆ ರಕ್ತ ಹೆಪ್ಪುಗಟ್ಟುತ್ತದೆ.